ಮೂರು ಅಥವಾ ಅದಕ್ಕಿಂತ ಕಡಿಮೆ

ಇಂಗ್ವಿಲ್ ಕೇಳಿದಳು, ಮಗುವನ್ನು ಹೆಗಲಿಗೆ ಒರಗಿಸಿ
ಬೆನ್ನು ತಟ್ಟುತ್ತಾ, ತೇಗು ಬರಲೆಂದು ಕಾಯುತ್ತಾ:
ನಾರ್ವೆಯಲ್ಲಿ ಈ ಹೆಸರು ಎಷ್ಟು ಜನಕ್ಕಿದೆ?
ಸಿವರ್ತೀನೆ, ಎಂದು ಒತ್ತಿದೆ.
ಅಂಕಿಅಂಶದ ಇಲಾಖೆ ಹೇಳಿತು:
ಮೂರು ಅಥವಾ ಅದಕ್ಕಿಂತ ಕಡಿಮೆ.
ಅಷ್ಟು ಕಡಿಮೆಯಾದರೆ ಅವರು ಸಂಖ್ಯೆ ಹೇಳುವುದಿಲ್ಲ,
ಬೊಟ್ಟು ಮಾಡಿ ತೋರಿಸಿದ ಹಾಗಾಗುತ್ತದೆಂಬ ಸಂಕೋಚ.

ಅವಳಿಗೆ ಖುಷಿ. ಶಾಲೆಯಲ್ಲಿ ಇನ್ನೊಬ್ಬಳು ಇರುವುದಿಲ್ಲ.
ಫೆರಿಯ ಕ್ಯಾಂಟೀನಿನಲ್ಲಿ ಗಿರಾಕಿಯಿಲ್ಲದ ಮಧ್ಯಾಹ್ನ
ಗೋಡೆಯ ಹಳೇ ಫೋಟೋ ಕೆಳಗೆ ಓದಿದ್ದಂತೆ.
ಕೇಳಿ ನೋಡಿ, ಎಂದಳು,
ಗಾಜಿನ ಲೋಟಕ್ಕೆ ಚಮಚ ತಾಗಿಸಿದ ಹಾಗೆ: ತೀನೆ, ತೀನೆ.

ನಾನು ಈ ದ್ವೀಪದ ಚರ್ಚಿನ ಕಚೇರಿಯಲ್ಲಿ ಇಪ್ಪತ್ತೆರಡು ವರ್ಷ
ಹುಟ್ಟಿದವರನ್ನು ಎಡಗಡೆಯ ಪುಸ್ತಕದಲ್ಲಿ
ಸತ್ತವರನ್ನು ಬಲಗಡೆಯದರಲ್ಲಿ ಬರೆದವಳು.
ಹಳೆಯ ಹಾಳೆಗಳ ಧೂಳು ನನ್ನ ಕೆಮ್ಮಿನಲ್ಲಿದೆ.
ಹೇಳಲೋ ಬೇಡವೋ.

ಸಿವರ್ತ್ ಗಂಡಸಿನ ಹೆಸರು.
ಬಾಲ ಕಟ್ಟಿದರೆ ಹೆಣ್ಣಿನದು.
ಕಟ್ಟುತ್ತಿದ್ದದ್ದು ಯಾವಾಗ?
ಚಳಿಗಾಲದ ಕಾಡ್ ಮೀನಿಗೆ ಹೋದ ದೋಣಿ ಬಾರದೆ
ಅದರ ಹುಟ್ಟೊಂದು ಮಾತ್ರ ಬಂಡೆಗೆ ಬಡಿದು,
ಇತ್ತ ಮನೆಯಲ್ಲಿ ಇನ್ನೊಂದು ಹುಟ್ಟು,
ಗಂಡಾದರೆ ಅವನದೇ ಹೆಸರು ಎಂದುಕೊಂಡವಳಿಗೆ
ಹೆಣ್ಣಾದಾಗ.
ಪೆದರೀನೆ, ಎಲಿಯಾಸೀನೆ, ಮೋರ್ತೀನೆ:
ಅಪ್ಪನ ಅಂಗಿ ಕತ್ತರಿಸಿ ಹೊಲಿದ ಲಂಗಗಳು.

ಜನಪ್ರಿಯತೆ ಅಂದೆಯಲ್ಲ, ಅದರ ಗೆರೆಯನ್ನೂ
ಚೌಕುಳಿ ಹಾಳೆಯಲ್ಲಿ ಪೆನ್ಸಿಲಿನಿಂದ ಒಮ್ಮೆ ಎಳೆದಿದ್ದೆ,
ಲೋಫೋಟೆನ್ನಿನ ಮೇಲೆ ಸೂರ್ಯ ಏಳದ ಒಂದು ಡಿಸೆಂಬರಿನಲ್ಲಿ,
ಮಾಡಲು ಬೇರೆ ಕೆಲಸವಿರಲಿಲ್ಲ.
ಎಲ್ಲೆಲ್ಲಿ ಗೆರೆ ಮೇಲೇರಿತೋ ಅಲ್ಲೆಲ್ಲ
ಬಲಗಡೆಯ ಪುಸ್ತಕದಲ್ಲಿ ಪಾದ್ರಿಯ ಅಕ್ಷರ
ಒಂದೇ ದಿನಾಂಕ ಬರೆದೂ ಬರೆದೂ ಸೊಟ್ಟಗಾಗಿದೆ.
ಒಂದು ಫೆಬ್ರವರಿಗೆ ಏಳು ಮಂದಿ.
ಆ ಬೇಸಿಗೆ ತೊಟ್ಟಿಲಲ್ಲಿ ನಾಲ್ಕು ಹೆಣ್ಣು, ನಾಲ್ಕಕ್ಕೂ ಬಾಲ.
ಆಮೇಲೆ ಇಂಜಿನ್ ಬಂತು, ರೇಡಿಯೋ ಬಂತು,
ಬೆಳಗ್ಗೆ ಐದೂಮುಕ್ಕಾಲಿಗೆ ಗಾಳಿಯ ಸುದ್ದಿ ಓದುವ ದನಿ ಬಂತು,
ಗೆರೆ ನೆಲಕ್ಕೆ ಮಲಗಿತು.
ಮಲಗಿದ್ದು ಒಳ್ಳೆಯದಕ್ಕೇ.

ಇಷ್ಟೂ ಹೇಳಿಬಿಟ್ಟೆ. ಹೇಳಬಾರದಿತ್ತೇನೋ.
ಇಂಗ್ವಿಲ್ ಮಗುವಿನ ಟೋಪಿ ಸರಿಮಾಡಿದಳು,
ಸರಿಯಿದ್ದದ್ದನ್ನೇ ಇನ್ನೊಮ್ಮೆ ಸರಿಮಾಡಿದಳು.
ಆ ಮೂವರಲ್ಲಿ ಒಬ್ಬಳು ಇಲ್ಲೇ ಇದ್ದಾಳೆ, ಎಂದೆ,
ವೃದ್ಧಾಶ್ರಮದ ಕೊನೆಯ ಕೋಣೆ. ಕಿವಿ ಮಂದ, ಜೋರಾಗಿ ಮಾತಾಡು.

ತೊಂಬತ್ತೊಂದರ ಸಿವರ್ತೀನೆ ಮಗುವಿನ ಮುಖ ನೋಡಲಿಲ್ಲ,
ಕೈ ಬಿಡಿಸಿ ನೋಡಿದಳು,
ಮೀನು ಕೊಳ್ಳುವವರು ಕಿವಿರು ಎತ್ತಿ ನೋಡುವ ಹಾಗೆ.
ಒಂಬತ್ತನೇ ವಯಸ್ಸಿಗೆ ಕಾಡ್ ಮೀನಿನ ನಾಲಿಗೆ ಕೊಯ್ಯುತ್ತಿದ್ದೆ,
ತಲೆಯನ್ನು ಮೊಳೆಗೆ ಚುಚ್ಚಿ ಚೂರಿ ಒಮ್ಮೆ ಎಳೆದರಾಯಿತು,
ಹುಡುಗರಿಗಿಂತ ನನ್ನ ಬಕೆಟ್ಟೇ ಮೊದಲು ತುಂಬುತ್ತಿತ್ತು.
ಆ ದುಡ್ಡಲ್ಲಿ ಸೈಕಲ್ ತಗೊಂಡೆ. ಕೆಂಪು.

ಅಪ್ಪನ್ನ ನೋಡಿಲ್ಲ.
ಅವ್ವ ಕೂಗುವಾಗ ಅರ್ಧಕ್ಕೇ ನಿಲ್ಲಿಸುತ್ತಿದ್ದಳು:
ಸಿವರ್ತ್… ಅಂದು
ಸ್ವಲ್ಪ ಹೊತ್ತು ಎಲ್ಲೋ ಹೋಗಿಬಂದು
…ಈನೆ, ಅನ್ನುವಳು.
ಅಷ್ಟು ಹೊತ್ತೂ ನಾನು ಹೊಸ್ತಿಲಲ್ಲಿ,
ಒಂದೇ ಕಾಲಿಗೆ ಬೂಟು ಹಾಕಿಕೊಂಡು.
ನೀನು ಒಂದೇ ಉಸಿರಿಗೆ ಕೂಗಬೇಕು, ತಿಳೀತಾ?

ಇಂಗ್ವಿಲ್ ಕೂಗಿದಳು.
ಹನ್ನೊಂದು ದಿನದ ಮಗು, ಅದಕ್ಕೇನು ಗೊತ್ತು.
ಕಿಟಕಿಯತ್ತ ಹೊರಳಿದ್ದ ಮುದುಕಿ
ಗಕ್ಕನೆ ಕತ್ತು ತಿರುಗಿಸಿದಳು.

ಸೋಮವಾರ ಎಡಗಡೆಯ ಪುಸ್ತಕದಲ್ಲಿ ಬರೆದೆ.
ಹೆಸರು, ತಾರೀಖು, ತೂಕ ಬೇಡ, ತಾಯಿ.
ತಂದೆ: ಫೆರಿಯ ಮೆಕ್ಯಾನಿಕ್.
ಕಾಲಂ ಇಲ್ಲದಿದ್ದರೂ
ಅಂಚಿನಲ್ಲಿ ಸಣ್ಣಗೆ, ಬದುಕಿದ್ದಾನೆ.